ಗರ್ಭಕೋಶ ಜಾರಿದ್ದನ್ನು ಮಾತ್ರವಲ್ಲ, ಅದರ ಒಳಗೇನಿದೆ ಎಂಬುದನ್ನೂ ನೋಡಿಸೋಣ



ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ತಾಲ್ಲೂಕುಗಳ ನಮ್ಮ ಸಂಘಗಳ ಸಭೆಗಳಲ್ಲಿ ಉಳಿತಾಯ, ಸಾಲ, ಬಡ್ಡಿ, ಬ್ಯಾಂಕ್ ಲಿಂಕೇಜ್ ಬಗ್ಗೆ ನಾವು ಬಾಯಿ ತುಂಬ ಮಾತಾಡುತ್ತೇವೆ. ಆದರೆ ನಮ್ಮಲ್ಲಿ ಬಹಳ ಜನ ವರ್ಷಗಟ್ಟಲೆ ಹೊತ್ತುಕೊಂಡು ತಿರುಗುವ ಒಂದು ತೊಂದರೆಯ ಬಗ್ಗೆ ಯಾರೂ ಬಾಯಿ ಬಿಡುವುದಿಲ್ಲ. ಅದು ಗರ್ಭಕೋಶ ಜಾರುವ ತೊಂದರೆ. "ಕೆಳಗೆ ಏನೋ ಇಳಿದಂಗೆ ಆಗ್ತೈತೆ", "ಕುಕ್ಕರುಗಾಲಲ್ಲಿ ಕುಂತರೆ ಗಂಟು ಸಿಗ್ತೈತೆ" ಎಂದು ಪಕ್ಕದವಳ ಕಿವಿಯಲ್ಲಿ ಪಿಸುಗುಟ್ಟುವುದು ಬಿಟ್ಟರೆ ಮಾತು ಮುಂದಕ್ಕೆ ಹೋಗುವುದಿಲ್ಲ.

ಈ ಸಲದ ಕರಪತ್ರದಲ್ಲಿ ಆ ಮಾತನ್ನು ಬಿಚ್ಚಿ ಆಡೋಣ. ಅದರ ಜೊತೆಗೆ ಇನ್ನೊಂದು ಮುಖ್ಯ ವಿಷಯವನ್ನೂ ತಿಳಿಯೋಣ. ಜಾರಿದ ಗರ್ಭಕೋಶಕ್ಕೆ ಆಪರೇಷನ್ ಮಾಡಿದಾಗ, ಯಾರೂ ನೆನೆಸದೇ ಇದ್ದ ಬೇರೆ ಕಾಯಿಲೆ ಅದರೊಳಗೆ ಸಿಗುವುದುಂಟು. ಹೆಚ್ಚಿನವರಿಗೆ ಅದರಿಂದ ಅಪಾಯವಿಲ್ಲ. ಕೆಲವರಿಗೆ ಮಾತ್ರ ಅದು ಕ್ಯಾನ್ಸರ್ ಆಗಿರುತ್ತದೆ. ಅಂಥವರಿಗೆ ಹೊತ್ತಿಗೆ ಸರಿಯಾಗಿ ಗೊತ್ತಾದರೆ ಜೀವ ಉಳಿಯುತ್ತದೆ, ಗೊತ್ತಾಗದೇ ಹೋದರೆ ಇಲ್ಲ. ಈ ವ್ಯತ್ಯಾಸ ಎಷ್ಟೋ ಸಲ ಒಂದು ಕಾಗದದ ರಿಪೋರ್ಟಿನಲ್ಲಿ ಇರುತ್ತದೆ.

ಗರ್ಭಕೋಶ ಜಾರುವುದು ಎಂದರೇನು?

ನಮ್ಮ ಹೊಟ್ಟೆಯ ಕೆಳಭಾಗದಲ್ಲಿ ಮುಂದೆ ಮೂತ್ರಚೀಲ, ಮಧ್ಯೆ ಗರ್ಭಕೋಶ, ಹಿಂದೆ ಮಲದ ಕರುಳು ಇವೆ. ಇವುಗಳನ್ನು ಕೆಳಗಿನಿಂದ ಸ್ನಾಯುಗಳು ತೊಟ್ಟಿಲ ಬಟ್ಟೆಯ ಹಾಗೆ ಹಿಡಿದಿರುತ್ತವೆ. ಮೇಲಿನಿಂದ, ಪಕ್ಕದಿಂದ ಹಗ್ಗದಂಥ ಪಟ್ಟಿಗಳು ಕಟ್ಟಿ ನಿಲ್ಲಿಸಿರುತ್ತವೆ. ತೊಟ್ಟಿಲ ಬಟ್ಟೆ ಸಡಿಲವಾಗಿ ಹಗ್ಗ ಜಗ್ಗಿದರೆ ಒಳಗಿರುವುದು ಕೆಳಗೆ ಇಳಿಯುತ್ತದೆ. ಶುರುವಿನಲ್ಲಿ ಯೋನಿಯ ಒಳಗೇ ಸ್ವಲ್ಪ ಇಳಿದಿರುತ್ತದೆ, ನಮಗೆ ಗೊತ್ತೂ ಆಗುವುದಿಲ್ಲ. ಆಮೇಲೆ ಬಾಗಿಲ ತನಕ ಬರುತ್ತದೆ. ಕೊನೆಗೆ ಪೂರ್ತಿ ಹೊರಗೆ ಬಂದು ತೊಡೆಗೆ ತಾಗುತ್ತದೆ. ಎಷ್ಟೋ ಸಲ ಅದರ ಜೊತೆಗೆ ಮೂತ್ರಚೀಲವೂ ಕರುಳೂ ಜಗ್ಗಿ ಬರುತ್ತವೆ. ಅದಕ್ಕೇ ಮೂತ್ರ ಪೂರ್ತಿ ಹೋಗದಿರುವುದು, ಕೆಮ್ಮಿದರೆ ಹನಿ ಬೀಳುವುದು, ಮಲ ವಿಸರ್ಜನೆಗೆ ಕಷ್ಟವಾಗುವುದು.

ಕಾರಣಗಳು ನಮ್ಮ ಬದುಕಿನಲ್ಲೇ ಇವೆ. ಚಿಕ್ಕ ವಯಸ್ಸಿಗೆ ಮದುವೆ, ಒಂದರ ಹಿಂದೆ ಒಂದು ಹೆರಿಗೆ, ಗರ್ಭಕೋಶದ ಬಾಯಿ ಪೂರ್ತಿ ತೆರೆಯುವ ಮೊದಲೇ "ಮುಕ್ಕು, ಮುಕ್ಕು" ಎಂದು ಒತ್ತಾಯಿಸುವುದು, ಗಂಟೆಗಟ್ಟಲೆ ಹೆರಿಗೆ ನೋವು. ಬಾಣಂತನ ಮುಗಿಯುವ ಮೊದಲೇ ನೀರಿನ ಕೊಡ, ಸೌದೆ ಹೊರೆ, ಈರುಳ್ಳಿ ಚೀಲ, ಅಡಿಕೆ ಗೊನೆ ಹೊರುವುದು. ಹಟ್ಟಿಯ ಹೊರಗೆ ಗುಡಿಸಲಲ್ಲಿ ಬಾಣಂತನ ಕಳೆಯುವ ಪದ್ಧತಿ ಉಳಿದಿರುವ ಕಡೆ, ಆರೈಕೆ ಬೇಕಾದ ಹೊತ್ತಿನಲ್ಲೇ ತಾಯಿ ತನ್ನ ಕೆಲಸವನ್ನು ತಾನೇ ಮಾಡಿಕೊಳ್ಳಬೇಕಾಗುತ್ತದೆ. ಇದರ ಮೇಲೆ ಒಲೆಯ ಹೊಗೆಯಿಂದ ಬರುವ ಹಳೇ ಕೆಮ್ಮು, ಮಲಬದ್ಧತೆ. ಮುಟ್ಟು ನಿಂತ ಮೇಲೆ ಹೆಣ್ಣಿನ ಹಾರ್ಮೋನು ಕಡಿಮೆಯಾಗಿ ಸ್ನಾಯುಗಳು ಇನ್ನೂ ತೆಳುವಾಗುತ್ತವೆ. ಹೆರಿಗೆಯಾಗಿ 20 ವರ್ಷ ಸುಮ್ಮನಿದ್ದು ಆಮೇಲೆ ಜಾರುವುದು ಇದೇ ಕಾರಣಕ್ಕೆ.

ಇದು ಯಾವ ಶಾಪವೂ ಅಲ್ಲ, ಯಾರ ನಡತೆಯ ತಪ್ಪೂ ಅಲ್ಲ. ನೆರೆಯ ನೇಪಾಳ ದೇಶದಲ್ಲಿ ಬೆಟ್ಟದ ಹಳ್ಳಿಗಳ ಹೆಂಗಸರಿಗೆ ಈ ತೊಂದರೆ ಬಹಳ. ಅಲ್ಲಿನ ಸುಪ್ರೀಂ ಕೋರ್ಟ್ 2008ರಲ್ಲಿ ಇದನ್ನು ಹೆಂಗಸರ ಹಕ್ಕಿನ ಪ್ರಶ್ನೆ ಎಂದು ತೀರ್ಪು ಕೊಟ್ಟಿತು. ನಾಚಿಕೊಂಡು ಮೂಲೆಯಲ್ಲಿ ಕೂರುವ ವಿಷಯ ಇದಲ್ಲ ಎಂದು ಒಂದು ದೇಶದ ನ್ಯಾಯಾಲಯವೇ ಹೇಳಿದ ಹಾಗಾಯಿತು.

ಮುಚ್ಚಿಟ್ಟ ಕಾಯಿಲೆ ಎಷ್ಟು?

ನಮ್ಮ ಪಕ್ಕದ ಮಹಾರಾಷ್ಟ್ರದ ಗಡ್‌ಚಿರೋಲಿ ಜಿಲ್ಲೆಯಲ್ಲಿ ಡಾಕ್ಟರ್ ರಾಣಿ ಬಂಗ್ ಮತ್ತು ಅವರ ತಂಡದವರು ಎರಡು ಹಳ್ಳಿಗಳ 650 ಹೆಂಗಸರನ್ನು ಪರೀಕ್ಷೆ ಮಾಡಿ 1989ರಲ್ಲಿ ಫಲಿತಾಂಶ ಪ್ರಕಟಿಸಿದರು. ತೊಂದರೆ ಇದೆ ಎಂದು ಬಂದವರನ್ನು ಮಾತ್ರ ನೋಡಲಿಲ್ಲ, ಏನೂ ಇಲ್ಲ ಎಂದವರನ್ನೂ ನೋಡಿದರು. 100ಕ್ಕೆ 92 ಜನರಲ್ಲಿ ಒಂದಲ್ಲ ಒಂದು ಸ್ತ್ರೀರೋಗ ಇತ್ತು. ಅದಕ್ಕೂ ಮೊದಲು ಇಂಥ ಪರೀಕ್ಷೆ ಮಾಡಿಸಿಕೊಂಡಿದ್ದವರು 100ಕ್ಕೆ 8 ಜನ ಮಾತ್ರ. ನಮ್ಮ ಕರ್ನಾಟಕದಲ್ಲೇ ಚಿಕ್ಕ ಮಕ್ಕಳ ತಾಯಂದಿರು 3,600 ಜನರನ್ನು ಕೇಳಿ 1995ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ ಹೆಚ್ಚುಕಡಿಮೆ ಮೂರರಲ್ಲಿ ಒಬ್ಬರು ಇಂಥ ತೊಂದರೆ ಇದೆ ಎಂದು ಹೇಳಿದರು. ಹೇಳಿದವರೇ ಇಷ್ಟು. ಹೇಳದವರು ಇನ್ನೆಷ್ಟೋ!

ಈ ಲೆಕ್ಕಗಳು ಹಳೆಯವು. ಆದರೆ ಅವು ಕಲಿಸುವ ಪಾಠ ಹಳೆಯದಾಗಿಲ್ಲ. ನೋವಿಲ್ಲ ಎಂದ ಮಾತ್ರಕ್ಕೆ ಕಾಯಿಲೆ ಇಲ್ಲ ಎಂದಲ್ಲ.

ಜಾರಿದ ಗರ್ಭಕೋಶದೊಳಗೆ ಏನೇನು ಸಿಗಬಹುದು?

ಗರ್ಭಕೋಶ ಜಾರಿದ್ದಕ್ಕೆ ಅದನ್ನು ಕೆಳಗಿನಿಂದಲೇ ತೆಗೆದು, ಸಡಿಲವಾದ ಸ್ನಾಯುಗಳನ್ನು ಹೊಲಿದು ಬಿಗಿ ಮಾಡುವುದು ಬಹಳ ಕಡೆ ಮಾಡುವ ಆಪರೇಷನ್. ತೆಗೆದ ಗರ್ಭಕೋಶವನ್ನು ಲ್ಯಾಬಿನಲ್ಲಿ ಸೀಳಿ, ತೆಳುವಾದ ಚೂರುಗಳನ್ನು ಮಾಡಿ, ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಇದಕ್ಕೆ ಬಯಾಪ್ಸಿ ಪರೀಕ್ಷೆ ಎನ್ನುತ್ತಾರೆ. ಆಗ ಕಾಣಿಸುವುದು ಇವು:

1. ಫೈಬ್ರಾಯ್ಡ್ ಗಡ್ಡೆ. ಗರ್ಭಕೋಶದ ಮಾಂಸದಲ್ಲಿ ಬೆಳೆಯುವ ಗಟ್ಟಿ ಗಡ್ಡೆ. ಬಹಳ ಜನರಲ್ಲಿ ಇರುತ್ತದೆ. ಇದು ಕ್ಯಾನ್ಸರ್ ಅಲ್ಲ.

2. ಅಡಿನೋಮಯೋಸಿಸ್. ಪ್ರತಿ ತಿಂಗಳು ಮುಟ್ಟಾಗಿ ಹೋಗಬೇಕಾದ ಒಳಪದರ ಗರ್ಭಕೋಶದ ಗೋಡೆಯೊಳಗೇ ಬೇರುಬಿಡುವುದು. ಮುಟ್ಟಿನಲ್ಲಿ ಹೆಚ್ಚು ರಕ್ತ, ಹೆಚ್ಚು ನೋವು ಇದರಿಂದ ಬರಬಹುದು. ಇದೂ ಕ್ಯಾನ್ಸರ್ ಅಲ್ಲ.

3. ಪಾಲಿಪ್. ಒಳಪದರದಲ್ಲಿ ಮೂಡುವ ಚಿಕ್ಕ ಮೊಗ್ಗಿನಂಥ ಬೆಳವಣಿಗೆ. ಹೆಚ್ಚಿನವು ಸಾಧು. ಮುಟ್ಟು ನಿಂತವರಲ್ಲಿ ಕಂಡರೆ ಪರೀಕ್ಷೆ ಮಾಡಲೇಬೇಕು.

4. ಒಳಪದರ ದಪ್ಪವಾಗುವುದು. ಇದರಲ್ಲಿ ಕೆಲವು ಬಗೆ ಸಾಧಾರಣ. ಜೀವಕೋಶಗಳ ಆಕಾರವೇ ಬದಲಾಗಿದ್ದರೆ ಮಾತ್ರ ಅದು ಕ್ಯಾನ್ಸರಿನ ಹಿಂದಿನ ಮೆಟ್ಟಿಲು.

5. ಕ್ಯಾನ್ಸರ್. ಗರ್ಭಕೋಶದ ಒಳಪದರದ್ದಾಗಲಿ, ಗರ್ಭಕೋಶದ ಬಾಯಿಯದ್ದಾಗಲಿ. ಅಪರೂಪ, ಆದರೆ ಸಿಗುತ್ತದೆ.

ಎಷ್ಟು ಅಪರೂಪ? ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್ ಎಂಬ ದೊಡ್ಡ ಆಸ್ಪತ್ರೆಯವರು ಜಾರಿದ್ದಕ್ಕಾಗಿ ಗರ್ಭಕೋಶ ತೆಗೆಸಿಕೊಂಡ 644 ಮಹಿಳೆಯರ ರಿಪೋರ್ಟುಗಳನ್ನು ನೋಡಿ 2010ರಲ್ಲಿ ಪ್ರಕಟಿಸಿದರು. ಮೊದಲು ಯಾವ ಸಂಶಯವೂ ಇಲ್ಲದಿದ್ದ 17 ಜನರಲ್ಲಿ ಕ್ಯಾನ್ಸರ್ ಅಥವಾ ಅದರ ಹಿಂದಿನ ಮೆಟ್ಟಿಲಿನ ಬದಲಾವಣೆ ಸಿಕ್ಕಿತು. ಅಂದರೆ 100ಕ್ಕೆ ಎರಡು ಮೂರು ಜನ. ಅವರಲ್ಲಿ ಒಳಪದರದ ಕ್ಯಾನ್ಸರ್ ಇದ್ದವರು ಇಬ್ಬರು. ಆದರೆ ಮುಟ್ಟು ನಿಂತ ಮೇಲೂ ರಕ್ತ ಕಂಡಿದ್ದ ಮಹಿಳೆಯರನ್ನೇ ಬೇರೆ ಮಾಡಿ ನೋಡಿದಾಗ ಲೆಕ್ಕ 100ಕ್ಕೆ 13ಕ್ಕೆ ಏರಿತು.

ಈ ಕೊನೆಯ ಮಾತನ್ನು ಪ್ರತಿ ಸಹೋದರಿಯೂ ಮನಸ್ಸಿನಲ್ಲಿ ಬರೆದಿಟ್ಟುಕೊಳ್ಳಬೇಕು. ಮುಟ್ಟು ನಿಂತು ಒಂದು ವರ್ಷವಾದ ಮೇಲೆ ಒಂದೇ ಒಂದು ಹನಿ ರಕ್ತ ಕಂಡರೂ ಅದನ್ನು "ಮೈ ಉಷ್ಣ" ಎಂದು ಬಿಡಬಾರದು.

ಮೊದಲೇ ಯಾಕೆ ಗೊತ್ತಾಗುವುದಿಲ್ಲ?

ಇದೇ ಮುಖ್ಯವಾದ ಪ್ರಶ್ನೆ. ಇದಕ್ಕೆ ನಾಲ್ಕು ಕಾರಣಗಳಿವೆ.

ಒಂದು, ಜಾರಿದ ಗರ್ಭಕೋಶ ಎಲ್ಲದಕ್ಕೂ ತಾನೇ ಕಾರಣ ಎನ್ನಿಸಿಕೊಂಡುಬಿಡುತ್ತದೆ. ಬಿಳುಪು ಹೋದರೆ "ಜಾರಿದೆಯಲ್ಲ, ಅದಕ್ಕೆ". ಸೊಂಟ ನೋವಾದರೆ "ಜಾರಿದೆಯಲ್ಲ". ರಕ್ತ ಕಂಡರೂ "ಉಜ್ಜಿ ಹುಣ್ಣಾಗಿದೆ, ಅದರಿಂದ". ಕಣ್ಣಿಗೆ ಕಾಣುವ ಕಾಯಿಲೆ ಕಣ್ಣಿಗೆ ಕಾಣದ ಕಾಯಿಲೆಯನ್ನು ಮುಚ್ಚಿಬಿಡುತ್ತದೆ.

ಎರಡು, ಹುಣ್ಣು. ಬಹಳ ದಿನ ಹೊರಗಿರುವ ಗರ್ಭಕೋಶದ ಮೇಲೆ ಹುಣ್ಣಾಗುವುದು ನಿಜ. ಅಲ್ಲಿ ರಕ್ತದ ಓಡಾಟ ಸರಿಯಾಗಿ ಆಗುವುದಿಲ್ಲ. ಗರ್ಭಕೋಶವನ್ನು ಒಳಗೆ ಸೇರಿಸಿ, ಔಷಧಿ ಹಚ್ಚಿದ ಬಟ್ಟೆ ಇಟ್ಟರೆ ಇಂಥ ಹುಣ್ಣು ಕೆಲವು ವಾರದಲ್ಲಿ ಮಾಯುತ್ತದೆ. ಮಾಯದೇ ಹೋದರೆ, ಅಂಚು ಗಟ್ಟಿಯಾಗಿದ್ದರೆ, ಮುಟ್ಟಿದರೆ ರಕ್ತ ಸುರಿದರೆ ಅಲ್ಲಿಂದ ಚೂರು ತೆಗೆದು ಬಯಾಪ್ಸಿಗೆ ಕಳಿಸಬೇಕು. ಅರಿಶಿನ, ಬೇವು, ಮುಲಾಮು ಹಚ್ಚುತ್ತಾ ತಿಂಗಳುಗಟ್ಟಲೆ ಕಾಯಬಾರದು.

ಮೂರು, ಒಂದು ಪರೀಕ್ಷೆ ಎಲ್ಲವನ್ನೂ ತೋರಿಸುವುದಿಲ್ಲ. ಪ್ಯಾಪ್ ಪರೀಕ್ಷೆ ನೋಡುವುದು ಗರ್ಭಕೋಶದ ಬಾಯಿಯನ್ನು. ಮನೆಯ ಬಾಗಿಲು ನೋಡಿ ಅಡುಗೆಮನೆ ಸರಿಯಿದೆ ಎಂದು ಹೇಳೋಕಾಗಲ್ಲ, ಹಾಗೆಯೇ ಪ್ಯಾಪ್ ಸರಿಯಿದ್ದ ಮಾತ್ರಕ್ಕೆ ಒಳಪದರವೂ ಸರಿ ಎಂದಲ್ಲ. ಸ್ಕ್ಯಾನಿಂಗ್ ಗಡ್ಡೆಯನ್ನೂ ಒಳಪದರದ ದಪ್ಪವನ್ನೂ ತೋರಿಸುತ್ತದೆ. ಆದರೆ ಆ ದಪ್ಪ ಸಾಧಾರಣವೋ ಕೆಟ್ಟದ್ದೋ ಎಂದು ಹೇಳಲಾರದು. ಅದನ್ನು ಹೇಳುವುದು ಬಯಾಪ್ಸಿ.

ನಾಲ್ಕು, ಗರ್ಭಕೋಶದ ಬಾಯಿಯ ಕ್ಯಾನ್ಸರ್ ಶುರುವಿನಲ್ಲಿ ನೋವೇ ಕೊಡುವುದಿಲ್ಲ. ಇದಕ್ಕೆ ಮೂಲ ಎಚ್‌ಪಿವಿ ಎಂಬ ವೈರಸ್. ಚಿಕ್ಕ ವಯಸ್ಸಿನ ಮದುವೆ, ಹೆಚ್ಚು ಹೆರಿಗೆ ಇರುವವರಲ್ಲಿ ಇದು ಹೆಚ್ಚು. ಗರ್ಭಕೋಶ ಜಾರುವುದೂ ಇವರಲ್ಲೇ ಹೆಚ್ಚು. ಎರಡೂ ಒಂದೇ ಮನೆಯ ಬಾಗಿಲು ತಟ್ಟುತ್ತವೆ ಎಂಬುದನ್ನು ಮರೆಯಬಾರದು. ಒಳಪದರದ ಕ್ಯಾನ್ಸರ್ ಮಾತ್ರ ತೂಕ ಹೆಚ್ಚಿರುವವರು, ಸಕ್ಕರೆ ಕಾಯಿಲೆ ಮತ್ತು ಬಿ.ಪಿ. ಇರುವವರು, ಮಕ್ಕಳಾಗದವರು, ಮುಟ್ಟು ತಡವಾಗಿ ನಿಂತವರಲ್ಲಿ ಹೆಚ್ಚು.

ಆಪರೇಷನ್ನಿಗೆ ಮೊದಲು ಏನು ಕೇಳಬೇಕು?

ಡಾಕ್ಟರ ಮುಂದೆ ಪ್ರಶ್ನೆ ಕೇಳುವುದು ಎದುರು ಮಾತಾಡಿದ ಹಾಗಲ್ಲ. ಒಳ್ಳೆಯ ಡಾಕ್ಟರಿಗೆ ಅದು ಸಹಾಯವೇ. ಈ ಮಾತುಗಳನ್ನು ನೀವಾಗಿಯೇ ಹೇಳಿ, ಕೇಳಿ:

• ಮುಟ್ಟು ಯಾವಾಗ ನಿಂತಿತು, ಆಮೇಲೆ ರಕ್ತ ಕಂಡಿದೆಯೇ, ಮುಟ್ಟಿನ ನಡುವೆ ಅಥವಾ ಗಂಡನೊಡನೆ ಸೇರಿದ ಮೇಲೆ ರಕ್ತ ಬರುತ್ತದೆಯೇ, ಬಿಳುಪು ವಾಸನೆ ಬರುತ್ತದೆಯೇ. ಇದನ್ನು ಮುಚ್ಚಿಡದೆ ಹೇಳಿ. ಗಂಡ, ಮಗ ಜೊತೆಗಿದ್ದರೆ ನಾಚಿಕೆಯಾಗುವುದಾದರೆ "ನಾನೊಬ್ಬಳೇ ಮಾತಾಡ್ತೀನಿ" ಎನ್ನಿ.

• ಗರ್ಭಕೋಶದ ಬಾಯಿಯ ಪರೀಕ್ಷೆ ಆಗಿದೆಯಾ? ಸರ್ಕಾರದ ತಪಾಸಣಾ ಕಾರ್ಯಕ್ರಮದಲ್ಲಿ 30 ವರ್ಷ ದಾಟಿದ ಮಹಿಳೆಯರಿಗೆ ಬಾಯಿ, ಸ್ತನ, ಗರ್ಭಕೋಶದ ಬಾಯಿ, ಈ ಮೂರು ಕ್ಯಾನ್ಸರ್‌ಗಳ ತಪಾಸಣೆ ಇದೆ. ಅಲ್ಲಿ ಆ ಜಾಗಕ್ಕೆ ವಿನೆಗರ್‌ನಂಥ ದ್ರಾವಣ ಹಚ್ಚಿ ಬಿಳಿ ಮಚ್ಚೆ ಬರುತ್ತದೆಯೇ ಎಂದು ನೋಡುತ್ತಾರೆ. ಕೆಲವೇ ನಿಮಿಷದ ಕೆಲಸ.

• ಸ್ಕ್ಯಾನಿಂಗ್‌ನಲ್ಲಿ ಒಳಪದರದ ದಪ್ಪ ಎಷ್ಟಿದೆ? ಮುಟ್ಟು ನಿಂತ ಮೇಲೆ ರಕ್ತ ಕಂಡವರಲ್ಲಿ ಅದು 4 ಮಿಲಿಮೀಟರಿಗಿಂತ ಹೆಚ್ಚಿದ್ದರೆ ಆಪರೇಷನ್ನಿಗೆ ಮೊದಲೇ ಒಳಪದರದ ಚೂರು ತೆಗೆದು ಬಯಾಪ್ಸಿ ಮಾಡಿಸಬೇಕು. ರಕ್ತ ಮತ್ತೆ ಮತ್ತೆ ಬರುತ್ತಿದ್ದರೆ ದಪ್ಪ ಕಡಿಮೆಯಿದ್ದರೂ ಮಾಡಿಸಬೇಕು.

• ಗರ್ಭಕೋಶ ಪೂರ್ತಿ ಹೊರಬಂದಿದ್ದರೆ ಮೂತ್ರಪಿಂಡದ ಸ್ಕ್ಯಾನ್ ಆಗಿದೆಯಾ? ಮೂತ್ರನಾಳ ಜಗ್ಗಿ ಬಾಗಿದರೆ ಮೂತ್ರ ಹಿಂದಕ್ಕೆ ನಿಂತು ಮೂತ್ರಪಿಂಡ ಊದಿಕೊಳ್ಳಬಹುದು. ಅದೂ ಸದ್ದಿಲ್ಲದೆ ಆಗುವ ಅಪಾಯ.

• ಅಂಡಾಶಯವನ್ನೂ ತೆಗೆಯುತ್ತೀರಾ? ಯಾಕೆ? ಮುಟ್ಟು ನಿಲ್ಲದವರಿಗೆ ಎರಡೂ ಅಂಡಾಶಯ ತೆಗೆದರೆ ಮುಟ್ಟು ನಿಂತಾಗ ಬರುವ ತೊಂದರೆಗಳೆಲ್ಲ ಒಂದೇ ಸಲಕ್ಕೆ ಬರುತ್ತವೆ, ಮೂಳೆ ಬೇಗ ಸವೆಯುತ್ತದೆ. ಕಾರಣವಿಲ್ಲದೆ ಒಪ್ಪಬೇಡಿ.

ಇದನ್ನೆಲ್ಲ ಮೊದಲೇ ಯಾಕೆ ಕೇಳಬೇಕು ಗೊತ್ತೇ? ಕ್ಯಾನ್ಸರ್ ಇದೆ ಎಂದು ಮೊದಲೇ ಗೊತ್ತಾದರೆ ಆಪರೇಷನ್ನೇ ಬೇರೆ ತರಹ ಮಾಡಬೇಕಾಗುತ್ತದೆ. ಎಷ್ಟು ಹರಡಿದೆ ಎಂದು ನೋಡಬೇಕು, ಅಕ್ಕಪಕ್ಕದ ಗ್ರಂಥಿಗಳನ್ನೂ ಪರೀಕ್ಷಿಸಬೇಕು, ಕೆಲವರಿಗೆ ಆಪರೇಷನ್ ಬದಲು ರೇಡಿಯೇಷನ್ನೇ ಸರಿ. ಗರ್ಭಕೋಶ ಮಾತ್ರ ತೆಗೆದು ಹೊಲಿದ ಮೇಲೆ ತಿಳಿದರೆ ಚಿಕಿತ್ಸೆ ಮಾಡಬಹುದು, ಆದರೆ ದಾರಿ ಉದ್ದವಾಗುತ್ತದೆ.

ಆಪರೇಷನ್ ಆದ ಮೇಲೆ: ಆ ಡಬ್ಬಿ, ಆ ರಿಪೋರ್ಟು

ತೆಗೆದ ಗರ್ಭಕೋಶವನ್ನು ಫಾರ್ಮಾಲಿನ್ ಎಂಬ ದ್ರಾವಣದಲ್ಲಿಟ್ಟು ಲ್ಯಾಬಿಗೆ ಕಳಿಸುತ್ತಾರೆ. ದೊಡ್ಡ ಆಸ್ಪತ್ರೆಗಳಲ್ಲಿ ಲ್ಯಾಬ್ ಒಳಗೇ ಇರುತ್ತದೆ. ಸಣ್ಣ ನರ್ಸಿಂಗ್ ಹೋಮ್‌ಗಳಲ್ಲಿ ಹೊರಗಿನ ಲ್ಯಾಬಿಗೆ ಕೊಡಬೇಕಾಗುತ್ತದೆ, ಕೆಲವು ಕಡೆ ಡಬ್ಬಿಯನ್ನು ಮನೆಯವರ ಕೈಗೇ ಕೊಡುತ್ತಾರೆ. ಮನೆಯವರು "ತೆಗೆದಾಯ್ತಲ್ಲ, ಇನ್ನು ಯಾಕೆ ದುಡ್ಡು ದಂಡ" ಎಂದು ಅದನ್ನು ಅಲ್ಲಿಯೇ ಬಿಟ್ಟು ಬಂದರೆ, ಕಾಯಿಲೆಯ ಗುಟ್ಟು ಅದರ ಜೊತೆಗೇ ಹೋಗುತ್ತದೆ. ಆಮೇಲೆ ಎಷ್ಟು ದುಡ್ಡು ಸುರಿದರೂ ಆ ಡಬ್ಬಿ ಮತ್ತೆ ಸಿಗುವುದಿಲ್ಲ.

ಇನ್ನು ಕೆಲವರು ಡಬ್ಬಿ ಕೊಡುತ್ತಾರೆ, ರಿಪೋರ್ಟು ತರೋಕೆ ಹೋಗುವುದಿಲ್ಲ. ಡಿಸ್ಚಾರ್ಜ್ ಆಗುವ ದಿನ ರಿಪೋರ್ಟು ಬಂದಿರುವುದಿಲ್ಲ. ಒಂದೆರಡು ವಾರದ ಮೇಲೆ ಬನ್ನಿ ಎನ್ನುತ್ತಾರೆ. ಅಷ್ಟರಲ್ಲಿ ಹೊಲಿಗೆ ಮಾದಿರುತ್ತದೆ, ನೋವು ಕಡಿಮೆಯಾಗಿರುತ್ತದೆ, ಶೇಂಗಾ ಕೀಳುವ ಕೆಲಸ ಬಂದಿರುತ್ತದೆ. "ಆರಾಮಾಗೈತಲ್ಲ, ಮತ್ತ್ಯಾಕೆ ಹೋಗೋದು?" ಹೀಗೆ ಹೋಗದೇ ಉಳಿದವರ ರಿಪೋರ್ಟಿನಲ್ಲಿ ಏನು ಬರೆದಿದೆಯೋ ಅದನ್ನು ಅವರ ಮನೆಯಲ್ಲಿ ಯಾರೂ ಓದುವುದಿಲ್ಲ.

ಆದ್ದರಿಂದ ಮೂರು ಕೆಲಸ ಮಾಡಿ. ಡಿಸ್ಚಾರ್ಜ್ ಚೀಟಿಯಲ್ಲಿ "ಬಯಾಪ್ಸಿಗೆ ಕಳಿಸಿದೆ" ಎಂದು ಬರೆಸಿ, ರಿಪೋರ್ಟು ಕೊಡುವ ದಿನವನ್ನೂ ಬರೆಸಿ. ಆ ದಿನ ತಪ್ಪದೆ ಹೋಗಿ, ರಿಪೋರ್ಟನ್ನು ಡಾಕ್ಟರಿಗೇ ತೋರಿಸಿ, "ಇದರಲ್ಲಿ ಕ್ಯಾನ್ಸರ್ ಇದೆಯಾ, ಇಲ್ಲವಾ? ಮತ್ತೆ ಬರಬೇಕಾ?" ಎಂದು ಬಾಯಿಬಿಟ್ಟು ಕೇಳಿ. ಆ ಕಾಗದವನ್ನು ರೇಷನ್ ಕಾರ್ಡು, ಆಧಾರ್ ಕಾರ್ಡು ಇಡುವ ಕವರಿನಲ್ಲೇ ಇಟ್ಟುಕೊಳ್ಳಿ. ಹತ್ತು ವರ್ಷದ ಮೇಲೂ ಅದು ಬೇಕಾಗಬಹುದು.

ರಿಪೋರ್ಟಿನಲ್ಲಿ ಕ್ಯಾನ್ಸರ್ ಎಂದು ಬಂದರೆ ಬದುಕು ಮುಗಿಯಿತು ಎಂದಲ್ಲ. ಹೀಗೆ ಅಕಸ್ಮಾತ್ ಸಿಗುವುದು ಎಷ್ಟೋ ಸಲ ಶುರುವಿನ ಹಂತದ್ದೇ ಆಗಿರುತ್ತದೆ. ತಡ ಮಾಡದೆ ಕ್ಯಾನ್ಸರ್ ತಜ್ಞರನ್ನು ನೋಡಬೇಕು. ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆ 1973ರಿಂದ ಇದೇ ಕೆಲಸಕ್ಕಾಗಿ ಇರುವ ಸಂಸ್ಥೆ. ಹೋಗುವಾಗ ಹಳೆಯ ರಿಪೋರ್ಟಿನ ಜೊತೆಗೆ ಲ್ಯಾಬಿನಿಂದ ಗಾಜಿನ ಸ್ಲೈಡುಗಳನ್ನೂ ಕೇಳಿ ಪಡೆದುಕೊಂಡು ಹೋಗಿ. ಅಲ್ಲಿ ಮತ್ತೊಮ್ಮೆ ನೋಡುತ್ತಾರೆ.

ಹಾಗಾದರೆ ಎಲ್ಲರೂ ಗರ್ಭಕೋಶ ತೆಗೆಸಿಕೊಳ್ಳಬೇಕಾ?

ಖಂಡಿತ ಇಲ್ಲ. ಇದನ್ನು ಓದಿ ಯಾರಾದರೂ "ಒಳಗೆ ಕಾಯಿಲೆ ಇದ್ದರೂ ಇರಬಹುದು, ತೆಗೆಸಿಬಿಡೋಣ" ಎಂದು ಹೊರಟರೆ ಅದು ನಮ್ಮ ಉದ್ದೇಶಕ್ಕೆ ವಿರುದ್ಧ.

2015ರ ಸುಮಾರಿಗೆ ಕಲಬುರಗಿ ಜಿಲ್ಲೆಯ ತಾಂಡಾಗಳ ಲಂಬಾಣಿ ಮತ್ತು ದಲಿತ ಮಹಿಳೆಯರ ಸುದ್ದಿ ರಾಜ್ಯದಲ್ಲೆಲ್ಲ ಕೇಳಿಬಂತು. ಹೊಟ್ಟೆನೋವು, ಬಿಳುಪು ಎಂದು ಖಾಸಗಿ ಆಸ್ಪತ್ರೆಗಳಿಗೆ ಹೋದವರಿಗೆ ಕ್ಯಾನ್ಸರಿನ ಹೆದರಿಕೆ ಹುಟ್ಟಿಸಿ ಅಗತ್ಯವಿಲ್ಲದೆ ಗರ್ಭಕೋಶ ತೆಗೆದಿದ್ದಾರೆ ಎಂಬ ದೂರು ಅದು. ಹೆಂಗಸರೇ ಬೀದಿಗಿಳಿದು ನ್ಯಾಯ ಕೇಳಿದರು, ತನಿಖೆಗಳಾದವು. ದೇಶದ ಬೇರೆ ರಾಜ್ಯಗಳಲ್ಲೂ ಇಂಥದ್ದೇ ನಡೆದಿತ್ತು. 2023ರ ಏಪ್ರಿಲ್ 5ರಂದು ಸುಪ್ರೀಂ ಕೋರ್ಟ್, ಅನಗತ್ಯವಾಗಿ ಗರ್ಭಕೋಶ ತೆಗೆಯುವುದನ್ನು ತಡೆಯಲು ಕೇಂದ್ರ ಸರ್ಕಾರ ಮಾಡಿರುವ ಮಾರ್ಗಸೂಚಿಯನ್ನು ಎಲ್ಲ ರಾಜ್ಯಗಳೂ ಮೂರು ತಿಂಗಳೊಳಗೆ ಜಾರಿಗೆ ತರಬೇಕೆಂದು ಹೇಳಿತು.

ಅಂದರೆ ಎರಡು ಕಡೆ ಅಪಾಯವಿದೆ. ನಾಚಿಕೆಯಿಂದ ಮುಚ್ಚಿಟ್ಟರೆ ಒಂದು ಅಪಾಯ, ಹೆದರಿಕೆಯಿಂದ ಅವಸರಪಟ್ಟರೆ ಇನ್ನೊಂದು. ಎರಡಕ್ಕೂ ಮದ್ದು ಒಂದೇ, ಪರೀಕ್ಷೆ. ಪರೀಕ್ಷೆ ಇಲ್ಲದೆ ಬರೀ ಬಾಯಿಮಾತಿನಲ್ಲಿ "ಕ್ಯಾನ್ಸರ್ ಆಗುತ್ತೆ, ನಾಳೆಯೇ ತೆಗೆಸು" ಎಂದರೆ ಇನ್ನೊಬ್ಬ ಡಾಕ್ಟರ ಅಭಿಪ್ರಾಯ ಕೇಳಿ. ಬಿಳುಪಿಗೆ, ಸೋಂಕಿಗೆ ಮಾತ್ರೆಗಳಿವೆ. ಅದಕ್ಕೆ ಗರ್ಭಕೋಶ ತೆಗೆಯಬೇಕಿಲ್ಲ.

ಜಾರಿದ್ದಕ್ಕೂ ಬೇರೆ ದಾರಿಗಳಿವೆ:

ವ್ಯಾಯಾಮ. ಸ್ವಲ್ಪ ಮಾತ್ರ ಜಾರಿದ್ದರೆ, ಮೂತ್ರವನ್ನು ತಡೆಹಿಡಿಯುವಾಗ ಬಿಗಿ ಮಾಡುವ ಸ್ನಾಯುಗಳನ್ನೇ ಬಿಗಿ ಹಿಡಿದು, 5ರಿಂದ 10 ಎಣಿಸಿ ಸಡಿಲ ಬಿಡಿ. ಒಂದು ಹೊತ್ತಿಗೆ 10 ಸಲ, ದಿನಕ್ಕೆ ಮೂರು ಹೊತ್ತು, ಕನಿಷ್ಠ ಮೂರು ನಾಲ್ಕು ತಿಂಗಳು. ಇದನ್ನು ಹಾಲು ಕರೆಯುವಾಗ, ರೊಟ್ಟಿ ತಟ್ಟುವಾಗಲೂ ಮಾಡಬಹುದು. ಮೂತ್ರ ಮಾಡುತ್ತಿರುವಾಗಲೇ ಅಭ್ಯಾಸ ಮಾಡಬೇಡಿ.

ರಿಂಗ್. ಯೋನಿಯೊಳಗೆ ಇಡುವ ಮೆತ್ತನೆಯ ಬಳೆಯಂಥ ಸಾಧನ, ಪೆಸರಿ ಎನ್ನುತ್ತಾರೆ. ಗರ್ಭಕೋಶವನ್ನು ಮೇಲಕ್ಕೆ ಹಿಡಿದಿಡುತ್ತದೆ. ವಯಸ್ಸಾದವರು, ಆಪರೇಷನ್ ಆಗದವರು, ಸದ್ಯಕ್ಕೆ ಬೇಡ ಎನ್ನುವವರಿಗೆ ಅನುಕೂಲ. ಆದರೆ ಮೂರರಿಂದ ಆರು ತಿಂಗಳಿಗೊಮ್ಮೆ ತೆಗೆದು ತೊಳೆದು ನೋಡಿಸಲೇಬೇಕು. ಹಾಕಿಸಿ ಮರೆತರೆ ಹುಣ್ಣಾಗುತ್ತದೆ.

ಗರ್ಭಕೋಶ ಉಳಿಸಿ ಎತ್ತಿ ಕಟ್ಟುವ ಆಪರೇಷನ್. ಮಕ್ಕಳು ಬೇಕೆನ್ನುವ ಚಿಕ್ಕ ವಯಸ್ಸಿನವರಿಗೆ ಇದು ಬಹಳ ಉಪಯೋಗ. ಹುಬ್ಬಳ್ಳಿಯಲ್ಲಿ ಶಾಲೆ ಓದಿ ಮುಂಬಯಿಯಲ್ಲಿ ಹೆಸರಾದ ಡಾಕ್ಟರ್ ವಿ.ಎನ್. ಶಿರೋಡ್ಕರ್ ಇಂಥ ಒಂದು ವಿಧಾನವನ್ನು ರೂಪಿಸಿದವರು. ಇಂದಿಗೂ ಅದಕ್ಕೆ ಅವರದೇ ಹೆಸರಿದೆ. ಆದರೆ ಒಂದು ಮಾತು. ಗರ್ಭಕೋಶ ಉಳಿಸಿದರೆ ಅದನ್ನು ಲ್ಯಾಬಿನಲ್ಲಿ ನೋಡುವ ಅವಕಾಶವಿಲ್ಲ. ಹಾಗಾಗಿ ಮೊದಲಿನ ಪರೀಕ್ಷೆಗಳು ಇಲ್ಲಿ ಇನ್ನೂ ಮುಖ್ಯ. ರಕ್ತಸ್ರಾವದ ಸಂಶಯವಿದ್ದು ಅದರ ಕಾರಣ ಗೊತ್ತಾಗದೆ ಉಳಿಸಬಾರದು.

ಖರ್ಚು, ಓಡಾಟ

ಬಿ.ಪಿ.ಎಲ್. ಕಾರ್ಡಿನ ಕುಟುಂಬಕ್ಕೆ 2018ರಲ್ಲಿ ಶುರುವಾದ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಮೊದಲು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ ತಾಲ್ಲೂಕು ಆಸ್ಪತ್ರೆಗೋ ಹೋಗಿ. ಅಲ್ಲಿ ಆಗದಿದ್ದರೆ ಚಿತ್ರದುರ್ಗದ ಜಿಲ್ಲಾ ಆಸ್ಪತ್ರೆಗೆ ರೆಫರಲ್ ಚೀಟಿ ತೆಗೆದುಕೊಳ್ಳಿ. ಸರ್ಕಾರಿ ಆಸ್ಪತ್ರೆಯ ರೆಫರಲ್ ಇಲ್ಲದೆ ನೇರವಾಗಿ ಖಾಸಗಿಗೆ ಹೋದರೆ ಯೋಜನೆಯ ಲಾಭ ತಪ್ಪಬಹುದು. ರೇಷನ್ ಕಾರ್ಡು, ಆಧಾರ್ ಜೊತೆಗಿರಲಿ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ನಮಗೆ ಟಿಕೆಟ್ ದುಡ್ಡಿಲ್ಲ. ರಿಪೋರ್ಟು ತರೋಕೆ ಬಸ್ ಚಾರ್ಜ್ ಇಲ್ಲ ಎನ್ನುವ ಕಾರಣ ಈಗ ಹೇಳುವ ಹಾಗಿಲ್ಲ.

ಸಂಘ ಏನು ಮಾಡಬಹುದು?

ಆಪರೇಷನ್ ಆದವರು ಆರು ವಾರ ಭಾರ ಎತ್ತಬಾರದು, ಗಂಡನೊಡನೆ ಸೇರಬಾರದು. ಹೊರೆ ಹೊರುವ ಕೆಲಸಕ್ಕೆ ಮೂರು ತಿಂಗಳಾದರೂ ಬಿಡುವು ಬೇಕು. ಕೂಲಿ ಮಾಡಿ ತಿನ್ನುವ ಮನೆಯಲ್ಲಿ ಇದು ಸುಲಭವಲ್ಲ ಎಂದು ನಮಗೆ ಗೊತ್ತು. ಅಲ್ಲಿಯೇ ಸಂಘ ಬೇಕಾಗುವುದು. ಆ ಮನೆಗೆ ಸರದಿಯಲ್ಲಿ ನೀರು ತಂದುಕೊಡಬಹುದು. ಆರೋಗ್ಯಕ್ಕೆಂದು ಕಡಿಮೆ ಬಡ್ಡಿಯ ಆಂತರಿಕ ಸಾಲ ಕೊಟ್ಟು, ಕಂತನ್ನು ಮೂರು ತಿಂಗಳು ಮುಂದಕ್ಕೆ ಹಾಕಬಹುದು. ಆಸ್ಪತ್ರೆಗೆ ಹೋಗುವಾಗ ಒಬ್ಬ ಸದಸ್ಯೆ ಜೊತೆಗೆ ಹೋಗಬಹುದು. ಎಲ್ಲಕ್ಕಿಂತ ಮುಖ್ಯವಾಗಿ, ಒಪ್ಪಿಗೆಯಿದ್ದರೆ, ರಿಪೋರ್ಟಿನ ತಾರೀಖನ್ನು ಸಂಘದ ಪುಸ್ತಕದಲ್ಲಿ ಬರೆದಿಟ್ಟು ಆ ವಾರ "ತಂದ್ಯೇನಮ್ಮಾ?" ಎಂದು ಕೇಳಬಹುದು. ಏನು ಕಾಯಿಲೆ ಎಂದು ಕೆದಕಬೇಕಿಲ್ಲ. ತಂದಳೋ ಇಲ್ಲವೋ ಅಷ್ಟು ಕೇಳಿದರೆ ಸಾಕು.

ಸಾಲದ ಕಂತು ಒಂದು ವಾರ ತಪ್ಪಿದರೆ ಹತ್ತು ಜನ ಮನೆ ಬಾಗಿಲಿಗೆ ಹೋಗುವ ಸಂಘ ನಮ್ಮದು. ಆ ಶಿಸ್ತನ್ನು ಒಬ್ಬ ಸಹೋದರಿಯ ಜೀವಕ್ಕೂ ತೋರಿಸೋಣ.

ಸಭೆಯಲ್ಲಿ ಓದಿ ಚರ್ಚಿಸಿ:

1. ನಮ್ಮ ಊರಿನಲ್ಲಿ ಹೆರಿಗೆಯಾದ ಎಷ್ಟನೇ ದಿನಕ್ಕೆ ಬಾಣಂತಿ ಕೊಡ ಹೊರುತ್ತಾಳೆ? ಅದನ್ನು ಮುಂದೂಡಲು ನಾವೇನು ಮಾಡಬಹುದು?

2. ನಮ್ಮಲ್ಲಿ 30 ವರ್ಷ ದಾಟಿದ ಎಷ್ಟು ಸದಸ್ಯರು ಗರ್ಭಕೋಶದ ಬಾಯಿಯ ಪರೀಕ್ಷೆ ಮಾಡಿಸಿದ್ದೇವೆ? ಮಾಡಿಸದವರು ಆಶಾ ಕಾರ್ಯಕರ್ತೆಯ ಜೊತೆ ಒಂದೇ ದಿನ ಹೋಗಬಹುದೇ?

3. ಮುಟ್ಟು ನಿಂತ ಮೇಲೆ ರಕ್ತ ಕಂಡವರು ಯಾರಾದರೂ ಮನೆಯಲ್ಲಿ, ಓಣಿಯಲ್ಲಿ ಇದ್ದಾರೆಯೇ? ಅವರಿಗೆ ಈ ವಾರವೇ ಯಾರು ಹೋಗಿ ಹೇಳುತ್ತೀರಿ?

4. ಗರ್ಭಕೋಶದ ಆಪರೇಷನ್ ಆದ ಸದಸ್ಯರ ಹತ್ತಿರ ಬಯಾಪ್ಸಿ ರಿಪೋರ್ಟು ಇದೆಯೇ? ಇಲ್ಲದಿದ್ದರೆ ಆಪರೇಷನ್ ಆದ ಆಸ್ಪತ್ರೆಯಲ್ಲಿ ಹೋಗಿ ಕೇಳಿ.